ಒಂಬತ್ತು ಆಸಿಲೇಟರ್, ಒಬ್ಬ ಡ್ರಮ್ಮರ್

ಸಿಂಥಸೈಜರ್ ಮುಂದಿಟ್ಟುಕೊಂಡು ನುಡಿಸುವ ರಾಕ್ ತಂಡಗಳ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ: ಈ ಸಂಗೀತವನ್ನು ಕೇಳಲು ಎಲ್ಲಿಂದ ಶುರುಮಾಡಬೇಕು? ಜರ್ಮನಿಯ ಕ್ರಾಫ್ಟ್‌ವರ್ಕ್ ಎಂದೋ, ಎಂಬತ್ತರ ದಶಕದ ಇಂಗ್ಲೆಂಡಿನ ಯಾವುದಾದರೂ ತಂಡ ಎಂದೋ ಹೇಳಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಕ್ರಾಫ್ಟ್‌ವರ್ಕ್‌ನ ‘ಆಟೋಬಾನ್’ ಬಂದದ್ದು 1974ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1968ರ ಜೂನ್‌ನಲ್ಲಿ, ನ್ಯೂಯಾರ್ಕಿನ ಇಬ್ಬರು ಒಂದು ಆಲ್ಬಂ ಹೊರತಂದಿದ್ದರು. ಅದರಲ್ಲಿ ಗಿಟಾರ್ ಇಲ್ಲ, ಪಿಯಾನೊ ಇಲ್ಲ. ಒಬ್ಬ ಹಾಡುತ್ತ ವಿದ್ಯುತ್ ಪೆಟ್ಟಿಗೆಗಳ ರಾಶಿಯನ್ನು ಕೈಕಾಲುಗಳಿಂದ ನುಡಿಸುತ್ತಾನೆ, ಇನ್ನೊಬ್ಬ ಡ್ರಮ್ ಬಾರಿಸುತ್ತಾನೆ. ತಂಡದ ಹೆಸರು ಸಿಲ್ವರ್ ಆಪಲ್ಸ್. ಮೊದಲ ಆಲ್ಬಂಗೂ ಅದೇ ಹೆಸರು. ಐರಿಷ್ ಕವಿ ಯೇಟ್ಸ್‌ನ ಒಂದು ಕವಿತೆಯಿಂದ ಎತ್ತಿಕೊಂಡದ್ದು.

ಆಗ ಈ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯ 193ನೇ ಸ್ಥಾನದವರೆಗೆ ಏರಿ ಇಳಿಯಿತು. ಮರುವರ್ಷ ಎರಡನೇ ಆಲ್ಬಂ ಬಂತು, ಅದರ ಹಿಂದೆಯೇ ತಂಡ ಒಡೆಯಿತು. ಆಮೇಲೆ ಕಾಲು ಶತಮಾನ ಅವರ ಹೆಸರು ಗೊತ್ತಿದ್ದದ್ದು ಹಳೆಯ ರೆಕಾರ್ಡು ಹುಡುಕುವ ಹವ್ಯಾಸದವರಿಗೆ ಮಾತ್ರ. ಇವತ್ತು ಇವರ ಬಗ್ಗೆ ಬರೆಯುವವರೆಲ್ಲ ‘ಕಾಲಕ್ಕಿಂತ ಮುಂದಿದ್ದರು’ ಎಂಬ ಒಂದು ಮಾತು ಹೇಳಿ ಮುಗಿಸುತ್ತಾರೆ. ಹೊಗಳಿಕೆಯೇ ಸರಿ, ಆದರೆ ಆಲ್ಬಂ ಒಳಗೆ ಏನು ನಡೆಯುತ್ತದೆ ಎಂಬುದನ್ನು ಅದು ತಿಳಿಸುವುದಿಲ್ಲ. ಈ ಅಂಕಣಕಾರನ ಅಭಿಪ್ರಾಯದಲ್ಲಿ ಇದು ಯಂತ್ರ ಗೆದ್ದ ಆಲ್ಬಂ ಅಲ್ಲ. ಕೀಬೋರ್ಡ್ ನುಡಿಸಲು ಬಾರದ ಒಬ್ಬ ಚಿತ್ರಕಾರ, ಅವನ ಕೈ ಬಿಡದ ಒಬ್ಬ ಡ್ರಮ್ಮರ್, ಇವರಿಬ್ಬರ ನಡುವಿನ ಹೊಂದಾಣಿಕೆಯಿಂದ ಹುಟ್ಟಿದ ಸಂಗೀತ ಇದು.

ಚಿತ್ರಕಾರನ ಹೆಸರು ಸಿಮಿಯನ್ ಕಾಕ್ಸ್. 1938ರಲ್ಲಿ ಟೆನೆಸಿಯಲ್ಲಿ ಹುಟ್ಟಿ, ನ್ಯೂ ಆರ್ಲಿಯನ್ಸ್‌ನಲ್ಲಿ ಬೆಳೆದು, ಚಿತ್ರ ಬರೆದು ಬದುಕುವ ಆಸೆಯಿಂದ ನ್ಯೂಯಾರ್ಕಿಗೆ ಬಂದವನು. ಅಲ್ಲಿ ‘ಓವರ್‌ಲ್ಯಾಂಡ್ ಸ್ಟೇಜ್ ಎಲೆಕ್ಟ್ರಿಕ್ ಬ್ಯಾಂಡ್’ ಎಂಬ ಐವರ ತಂಡದಲ್ಲಿ ಗಾಯಕನಾದ. ಗ್ರೀನಿಚ್ ವಿಲೇಜಿನ ‘ಕೆಫೆ ವಾ’ದಂಥ ಜಾಗಗಳಲ್ಲಿ ಆ ತಂಡದ ಕಾರ್ಯಕ್ರಮ ನಡೆಯುತ್ತಿತ್ತು. ಗಿಟಾರುಗಳ ಉದ್ದನೆಯ ಜುಗಲಬಂದಿ ನಡೆಯುವಾಗ ಗಾಯಕನಿಗೆ ವೇದಿಕೆಯ ಮೇಲೆ ಮಾಡಲು ಕೆಲಸವಿರಲಿಲ್ಲ. ಸಂಗೀತಗಾರ ಗೆಳೆಯನೊಬ್ಬನ ಮನೆಯಲ್ಲಿ ಕಂಡ ಎರಡನೇ ಮಹಾಯುದ್ಧದ ಕಾಲದ ಒಂದು ಆಸಿಲೇಟರ್ ಅವನ ಕೈಗೆ ಸಿಕ್ಕಿತು. ಅದನ್ನು ವೇದಿಕೆಗೆ ತಂದು, ಧ್ವನಿವರ್ಧಕಕ್ಕೆ ಜೋಡಿಸಿ, ಹಾಡಿನ ನಡುವೆ ಊಳಿಡಿಸಲು ಶುರುಮಾಡಿದ. ಗಿಟಾರಿನವರಿಗೆ ಇದನ್ನು ಸಹಿಸಲಾಗಲಿಲ್ಲ. ಒಬ್ಬೊಬ್ಬರಾಗಿ ತಂಡ ಬಿಟ್ಟರು. ಉಳಿದವನು ಡ್ರಮ್ಮರ್ ಡ್ಯಾನಿ ಟೇಲರ್ ಒಬ್ಬನೇ.

ಆಸಿಲೇಟರ್ ಎಂದರೆ ಏನು ಎಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಆಲ್ಬಂನ ಗುಟ್ಟೆಲ್ಲ ಅಲ್ಲಿದೆ. ವಿದ್ಯುತ್ತಿನ ಒತ್ತಡವನ್ನು ಒಂದೇ ಸಮನೆ ಏರಿಸಿ ಇಳಿಸುವ ಸರ್ಕ್ಯೂಟ್ ಅದು. ಸೆಕೆಂಡಿಗೆ 440 ಸಲ ಏರಿಳಿದರೆ, ಸ್ಪೀಕರಿನ ಹಾಳೆಯೂ ಅಷ್ಟೇ ಸಲ ಅದುರಿ ಒಂದು ಸ್ವರ ಕೇಳುತ್ತದೆ. ಗುಂಡಿ ತಿರುಗಿಸಿದರೆ ಕಂಪನದ ಎಣಿಕೆ ಬದಲಾಗಿ ಸ್ವರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಇದನ್ನು ಮಾಡಿದ್ದು ಸಂಗೀತಕ್ಕಲ್ಲ. ರೇಡಿಯೊ, ದೂರವಾಣಿ, ಧ್ವನಿ ಉಪಕರಣಗಳನ್ನು ಪರೀಕ್ಷಿಸಲು ಎಂಜಿನಿಯರುಗಳು ಬಳಸುತ್ತಿದ್ದ ಸಾಧನ. ಇಂದು ಕಂಪ್ಯೂಟರು, ಪ್ರಿಂಟರುಗಳಿಗೆ ಹೆಸರಾದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಮೊಟ್ಟಮೊದಲ ಉತ್ಪನ್ನ ಆಡಿಯೊ ಆಸಿಲೇಟರ್. ವಾಲ್ಟ್ ಡಿಸ್ನಿಯ ಸ್ಟುಡಿಯೊ ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿ ಕೆಲಸಕ್ಕೆ ಅಂಥ ಎಂಟು ಪೆಟ್ಟಿಗೆ ಕೊಂಡಿತ್ತು. ಯುದ್ಧ ಮುಗಿದ ಮೇಲೆ ಇಂಥ ಸಾಮಾನು ಅಮೆರಿಕದ ಹಳೆ ಉಪಕರಣಗಳ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿತ್ತು.

ಕರ್ನಾಟಕದ ಓದುಗರಿಗೆ ಆಸಿಲೇಟರ್ ಅಪರಿಚಿತವೇನಲ್ಲ. ಹಾಡಿನ ಪಾಠ ಹೇಳುವ ಎಷ್ಟೋ ಮನೆಗಳಲ್ಲಿ, ಕಛೇರಿಗಳ ವೇದಿಕೆಯಲ್ಲಿ ಕೂತಿರುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ನೆನೆದುಕೊಳ್ಳಿ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ ಮನೆಮಾತಾಗಿಸಿದ ಆ ಪೆಟ್ಟಿಗೆಯ ಕೆಲಸವೂ ವಿದ್ಯುತ್ತಿನಿಂದ ಸ್ವರವೊಂದನ್ನು ಹುಟ್ಟಿಸಿ ಕದಲದಂತೆ ಹಿಡಿದಿಡುವುದೇ. ಸಿಮಿಯನ್ ಕೈಗೆ ಸಿಕ್ಕ ಯುದ್ಧಕಾಲದ ಪೆಟ್ಟಿಗೆಗೆ ಆ ಶಿಸ್ತು ಇರಲಿಲ್ಲ. ಅದರೊಳಗಿನ ವಾಲ್ವುಗಳು ಬಿಸಿಯಾದಂತೆ ಸ್ವರ ತಾನಾಗಿ ಸರಿಯುತ್ತಿತ್ತು.

ಆ ಹೊತ್ತಿಗೆ ನಿಜವಾದ ಸಿಂಥಸೈಜರುಗಳೂ ಇದ್ದವು. ರಾಬರ್ಟ್ ಮೂಗ್ 1964ರಲ್ಲೇ ತನ್ನ ಉಪಕರಣವನ್ನು ಜನರ ಮುಂದಿಟ್ಟಿದ್ದ. ಮೂಗ್ ಸಿಂಥಸೈಜರಿನಲ್ಲಿಯೂ ಆಸಿಲೇಟರುಗಳೇ ಇರುವುದು. ಆದರೆ ಅವುಗಳ ನಾದವನ್ನು ಸೋಸಿ ಮೆದುವಾಗಿಸಲು ಫಿಲ್ಟರ್ ಇದೆ. ಸ್ವರ ಹೇಗೆ ಹುಟ್ಟಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಆರಬೇಕು ಎಂದು ನಿರ್ಧರಿಸುವ ಸರ್ಕ್ಯೂಟ್ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಿಯಾನೊ ಕಲಿತವರು ನೇರವಾಗಿ ನುಡಿಸಬಹುದಾದ ಕೀಬೋರ್ಡ್ ಇದೆ. ಬೆಲೆ ಸಾವಿರಾರು ಡಾಲರ್. ಆದ್ದರಿಂದ ಅದು ಮೊದಲು ಸೇರಿದ್ದು ವಿಶ್ವವಿದ್ಯಾಲಯಗಳನ್ನು, ದೊಡ್ಡ ಸ್ಟುಡಿಯೊಗಳನ್ನು, ಹಣವಂತ ಕಲಾವಿದರನ್ನು. ಭಾರತಕ್ಕೆ ಮೂಗ್ ಬಂದದ್ದೂ ಹಾಗೆಯೇ: 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಲಕ. ಕ್ಲಬ್ಬುಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುವ ಹುಡುಗರ ಕೈಗೆ ಎಟುಕುವ ವಸ್ತು ಅದಾಗಿರಲಿಲ್ಲ.

ಹಾಗಾಗಿ ಸಿಮಿಯನ್ ತನ್ನ ವಾದ್ಯವನ್ನು ತಾನೇ ಕಟ್ಟಿಕೊಂಡ. ಒಂದರ ಮೇಲೊಂದು ಪೇರಿಸಿದ ಒಂಬತ್ತು ಆಸಿಲೇಟರುಗಳು. ಅವನ್ನು ನಿಯಂತ್ರಿಸಲು 86 ಗುಂಡಿಗಳು, ಸ್ವಿಚ್ಚುಗಳು. ಹಲಗೆಗೆ ಬಡಿದ ಟೆಲಿಗ್ರಾಫ್ ಕೀಲಿಗಳು, ಕಾಲಿನಿಂದ ಒತ್ತುವ ಪೆಡಲುಗಳು. ಮೇಲಿನ ಸ್ವರಗಳಿಗೆ ಕೈ, ಕೆಳಗಿನ ಬೇಸ್ ಸ್ವರಗಳಿಗೆ ಕಾಲು, ಎರಡೂ ಸಾಲದಾದಾಗ ಮೊಣಕೈ. ಈ ಇಡೀ ವ್ಯವಸ್ಥೆಗೆ ಅವನದೇ ಹೆಸರು ಅಂಟಿಕೊಂಡಿತು: ‘ದಿ ಸಿಮಿಯನ್’. ಅವನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಕೀಬೋರ್ಡ್ ನುಡಿಸಲೂ ಬರುತ್ತಿರಲಿಲ್ಲ. ಬಂದಿದ್ದರೆ ಎಲ್ಲೋ ಒಂದು ಹಳೆಯ ಆರ್ಗನ್ ಹುಡುಕಿ ತಂದು, ಅಂದಿನ ನೂರಾರು ತಂಡಗಳು ನುಡಿಸಿದ್ದನ್ನೇ ನುಡಿಸುತ್ತಿದ್ದನೋ ಏನೋ.

ಈ ವಾದ್ಯದ ಕೊರತೆಗಳು ಒಂದೊಂದೂ ಸಂಗೀತದ ಗುಣವಾದದ್ದು ಹೇಗೆ ಎಂಬುದು ಆಲ್ಬಂ ಕೇಳಿದರೆ ತಿಳಿಯುತ್ತದೆ. ಟೆಲಿಗ್ರಾಫ್ ಕೀಲಿ ಒತ್ತಿದರೆ ಸದ್ದು ಶುರು, ಬಿಟ್ಟರೆ ಬಂದ್. ಮೆಲ್ಲಗೆ ಹುಟ್ಟುವುದು, ನಿಧಾನವಾಗಿ ಆರುವುದು ಇಲ್ಲವೇ ಇಲ್ಲ. ಆದ್ದರಿಂದ ಪ್ರತಿ ಸ್ವರವೂ ಒಂದು ಪೆಟ್ಟಿನಂತೆ ಬೀಳುತ್ತದೆ. ಸ್ವರವಾದ್ಯವೇ ತಾಳವಾದ್ಯವಾಗಿಬಿಡುತ್ತದೆ. ಒಂದು ಆಸಿಲೇಟರನ್ನು 220ಕ್ಕೂ ಪಕ್ಕದ್ದನ್ನು 223ಕ್ಕೂ ನಿಲ್ಲಿಸಿದರೆ, ಎರಡೂ ಒಟ್ಟಾಗಿ ಸೆಕೆಂಡಿಗೆ ಮೂರು ಸಲ ಉಬ್ಬಿ ಇಳಿಯುವ ಒಂದು ಮಿಡಿತ ಕೇಳುತ್ತದೆ. ತಂಬೂರಿಯ ತಂತಿಗಳು ಕೂದಲೆಳೆಯಷ್ಟು ಶ್ರುತಿ ತಪ್ಪಿದಾಗ ಕೇಳುವ ಅದೇ ಅಲೆ. ಸಂಗೀತಗಾರರು ಈ ಅಲೆಯನ್ನು ಹೋಗಲಾಡಿಸಲು ಶ್ರಮಪಡುತ್ತಾರೆ. ಈ ಇಬ್ಬರು ಅದನ್ನು ಲಯದ ಪಾಲುದಾರನನ್ನಾಗಿ ಉಳಿಸಿಕೊಂಡರು. ಇನ್ನು ಕಾಲಿನ ಪೆಡಲುಗಳು. ಅವುಗಳಲ್ಲಿ ಸಿಗುತ್ತಿದ್ದದ್ದು ಮೊದಲೇ ಗೊತ್ತುಮಾಡಿಟ್ಟ ಕೆಲವೇ ಸ್ವರ. ಕಾರ್ಡ್ ಬದಲಿಸುತ್ತ ಹೋಗುವ ರಾಕ್ ಹಾಡಿನ ರೂಢಿ ಅಲ್ಲಿ ನಡೆಯದು. ಹಾಡು ಒಂದೆರಡು ಸ್ವರಗಳ ಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಶ್ರುತಿಯ ಮೇಲೆ ನಿಲ್ಲುವ ಸಂಗೀತಕ್ಕೆ ಕಿವಿ ಕೊಟ್ಟು ಬೆಳೆದವರಿಗೆ ಇದು ಬಡತನವಾಗಿ ಕೇಳುವುದಿಲ್ಲ. 1968ರ ರಾಕ್ ಕೇಳುಗರಿಗೆ ಬಹುಶಃ ಹಾಗೆ ಕೇಳಿಸಿತು.

ಇಷ್ಟಾದರೂ ಆಸಿಲೇಟರುಗಳಷ್ಟರಿಂದಲೇ ಈ ಆಲ್ಬಂ ನಿಲ್ಲುತ್ತಿರಲಿಲ್ಲ. ಡ್ಯಾನಿ ಟೇಲರ್ ಬಗ್ಗೆ ಬರೆದವರು ಕಡಿಮೆ. ಸಿಮಿಯನ್‌ನ ಯಂತ್ರದ ಚಿತ್ರ ಅಷ್ಟು ಆಕರ್ಷಕವಾದ್ದರಿಂದ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಅಂದಿನ ಎಲೆಕ್ಟ್ರಾನಿಕ್ ಪ್ರಯೋಗಗಳಲ್ಲಿ ಎಷ್ಟೋ ಇಂದು ಮ್ಯೂಸಿಯಮ್ಮಿನ ವಸ್ತುಗಳಂತೆ ಕೇಳುವಾಗ, ಇದು ಮಾತ್ರ ಇನ್ನೂ ಕಾಲು ಕುಣಿಸುವುದಕ್ಕೆ ಕಾರಣ ಟೇಲರ್. ಆಸಿಲೇಟರುಗಳ ಸ್ವರಕ್ಕೆ ಸರಿಹೊಂದುವಂತೆ ಆತ ತನ್ನ ಡ್ರಮ್ಮುಗಳನ್ನು ಶ್ರುತಿ ಮಾಡಿಕೊಳ್ಳುತ್ತಿದ್ದ. ಮೃದಂಗ ಕಲಿತ ಗೆಳೆಯನೊಬ್ಬನಿಗೆ ಈ ಅಂಕಣಕಾರ ಆಲ್ಬಂನ ಮೊದಲ ಹಾಡನ್ನು ಏನೂ ಹೇಳದೆ ಕೇಳಿಸಿದಾಗ ಅವನು ಮೊದಲು ಆಡಿದ ಮಾತು ಯಂತ್ರದ ಬಗ್ಗೆ ಅಲ್ಲ. ‘ಡ್ರಮ್ ಶ್ರುತಿಗೆ ಕೂತಿದೆಯಲ್ಲ’ ಎಂದ. ಗಾಯಕರ ಶ್ರುತಿಗೆ ತಕ್ಕಂತೆ ಕಲ್ಲಿನಿಂದ ಮುಚ್ಚಿಗೆ ತಟ್ಟಿ ಮೃದಂಗವನ್ನು ಸರಿಮಾಡುವವರಿಗೆ ಅದು ತಕ್ಷಣ ಹೊಳೆಯುತ್ತದೆ.

ಟೇಲರ್ ನುಡಿಸುವ ರೀತಿಯೂ ಅಂದಿನ ರಾಕ್ ಡ್ರಮ್ಮರುಗಳದ್ದಲ್ಲ. ಹಾಡಿನ ಕೊನೆಗೆ ಬಂದಾಗ ಅಬ್ಬರಿಸಿ ಉರುಳಿಸುವುದು, ಗಿಟಾರಿನ ಏರಿಗೆ ತಾನೂ ಏರುವುದು, ಇವೆಲ್ಲ ಅವನಲ್ಲಿ ಅಪರೂಪ. ಒಂದು ನಡೆಯನ್ನು ಹಿಡಿದರೆ ಬಿಡುವುದಿಲ್ಲ. ಅದರೊಳಗೇ ಒಂದು ಪೆಟ್ಟು ಹಿಂದೆ ಹಾಕಿ, ಇನ್ನೊಂದನ್ನು ತಪ್ಪಿಸಿ, ಟಾಮ್‌ಗಳ ಮೇಲೆ ಸುತ್ತಿಬಂದು ಮತ್ತೆ ಅದೇ ಜಾಗಕ್ಕೆ ಇಳಿಯುತ್ತಾನೆ. ಯಂತ್ರದ ಸ್ವರ ಅತ್ತಿತ್ತ ಸರಿಯುವಾಗ ಮನುಷ್ಯನ ಕೈ ಅಲುಗದೆ ನಿಂತಿರುತ್ತದೆ. ಡ್ರಮ್ ಮಶೀನುಗಳ ಕಾಲದಲ್ಲಿ ಬೆಳೆದವರಿಗೆ ಇದು ಅಚ್ಚರಿ: ಈ ಆಲ್ಬಂನಲ್ಲಿ ಅಳುಕುವುದು ಯಂತ್ರ, ನಂಬಿಕೆಗೆ ಅರ್ಹನಾಗಿರುವವನು ಮನುಷ್ಯ.

ಹಾಡುಗಳು ಒಂಬತ್ತು. ಮೊದಲನೆಯದು ‘ಆಸಿಲೇಷನ್ಸ್’. ಮೂರು ನಿಮಿಷಕ್ಕೂ ಕಡಿಮೆಯ ಈ ಹಾಡು ತನ್ನ ವಾದ್ಯವನ್ನೇ ವಸ್ತುವಾಗಿಸಿಕೊಂಡಿದೆ. ಬೇಸ್ ಮಿಡಿಯುತ್ತದೆ, ಡ್ರಮ್ ಅದರ ಸುತ್ತ ಹೆಣೆಯುತ್ತದೆ, ಮೇಲೊಂದು ಸ್ವರ ಸೈರನ್ನಿನಂತೆ ಏರುತ್ತದೆ, ಸಿಮಿಯನ್ ಭಾವ ತೋರದ ತೆಳು ದನಿಯಲ್ಲಿ ಹಾಡುತ್ತಾನೆ. ಸಾಹಿತ್ಯ ಸ್ಟ್ಯಾನ್ಲಿ ವಾರನ್ ಎಂಬ ಕವಿಯದು. ‘ಪ್ರೋಗ್ರಾಂ’ ಎಂಬ ಹಾಡಿನಲ್ಲಿ ರೇಡಿಯೊ ಕೂಡ ವಾದ್ಯವಾಗಿದೆ. ಸುದ್ದಿ, ಜಾಹೀರಾತು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತುಣುಕುಗಳು, ಯಾವುದು ಸಿಕ್ಕಿತೋ ಅದು, ಹಾಡಿನ ನಡುವೆ ನುಗ್ಗಿಬರುತ್ತವೆ. ಮುಂದೆ ಹಿಪ್‌ಹಾಪ್‌ನವರು ಸ್ಯಾಂಪ್ಲಿಂಗ್ ಎಂದು ಕರೆದ ಕೆಲಸಕ್ಕೆ ಇದು ಬಹಳ ಹತ್ತಿರ. ‘ಡ್ಯಾನ್ಸಿಂಗ್ ಗಾಡ್ಸ್’ ನವಾಹೊ ಆದಿವಾಸಿಗಳ ವಿಧಿಯ ಹಾಡನ್ನು ಆಧರಿಸಿದ್ದು. ಟೇಲರ್ ಎಂಥ ಡ್ರಮ್ಮರ್ ಎಂದು ತಿಳಿಯಬೇಕಾದವರು ಇದನ್ನು ತಪ್ಪಿಸಬಾರದು.

ಆಲ್ಬಂನಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿದೆ ಎಂದರೆ ಸುಳ್ಳಾಗುತ್ತದೆ. ಸಾಹಿತ್ಯದಲ್ಲಿ ಅಂದಿನ ಹಿಪ್ಪಿ ಕಾಲದ ಸವಕಲು ಕನಸುಗಾರಿಕೆ ಸಾಕಷ್ಟಿದೆ. ಸಿಮಿಯನ್ ಒಳ್ಳೆಯ ಗಾಯಕನೇನಲ್ಲ. ಯಂತ್ರ ಸರಿಯುವ ಕಡೆಗೇ ಅವನ ದನಿಯೂ ಕೆಲವೆಡೆ ಸರಿಯುತ್ತದೆ. ಎರಡನೆಯ ಬದಿಯ ಹಾಡುಗಳಲ್ಲಿ ಮೊದಲ ಬದಿಯ ಬಿಗಿ ಉದ್ದಕ್ಕೂ ಉಳಿದಿಲ್ಲ. ಆದರೂ ಈ ದುರ್ಬಲ ಜಾಗಗಳಲ್ಲಿಯೂ ಇಬ್ಬರು ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕೇಳುತ್ತ ನುಡಿಸುತ್ತಿದ್ದಾರೆ ಎಂಬುದು ಸ್ಪಷ್ಟ. ಈ ಅಂಕಣಕಾರನಿಗೆ ಈ ಆಲ್ಬಂ ಇಷ್ಟವಾಗಿ ಉಳಿದಿರುವುದು ಅದಕ್ಕೇ.

ಇವರೇ ಮೊದಲಿಗರೋ ಅಲ್ಲವೋ ಎಂಬ ಜಗಳ ಬೇರೆ ಇದೆ. ಈ ಆಲ್ಬಂ ಬಂದ ವರ್ಷವೇ ‘ದಿ ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ ಎಂಬ ಹೆಸರಿನ ತಂಡವೊಂದು ಗಿಟಾರ್ ಇಲ್ಲದೆ, ಎಲೆಕ್ಟ್ರಾನಿಕ್ ಉಪಕರಣ ಬಳಸಿ ಆಲ್ಬಂ ಮಾಡಿತ್ತು. ಮಂಕೀಸ್ ತಂಡ 1967ರಲ್ಲೇ ಮೂಗ್ ಬಳಸಿತ್ತು. ಸಂಗೀತ ಸಂಯೋಜಕ ಮಾರ್ಟನ್ ಸುಬಾಟ್ನಿಕ್ ಅದೇ ಯೇಟ್ಸ್ ಕವಿತೆಯಿಂದ ಹೆಸರು ತೆಗೆದುಕೊಂಡು ಪೂರ್ತಿ ಎಲೆಕ್ಟ್ರಾನಿಕ್ ಕೃತಿಯೊಂದನ್ನು ಆಗಲೇ ಹೊರತಂದಿದ್ದ. ಪಟ್ಟ ಯಾರಿಗಾದರೂ ಸಲ್ಲಲಿ. ಉಳಿದವರು ಇದ್ದ ಸಂಗೀತಕ್ಕೆ ಎಲೆಕ್ಟ್ರಾನಿಕ್ ಸದ್ದನ್ನು ಸೇರಿಸಿದರು, ಇಲ್ಲವೇ ಸದ್ದನ್ನೇ ಸಂಗೀತವಾಗಿಸಿದರು. ಸಿಲ್ವರ್ ಆಪಲ್ಸ್ ಅದರ ಮೇಲೆ ಕುಣಿಯಬಹುದಾದ ಹಾಡು ಕಟ್ಟಿದರು. ವ್ಯತ್ಯಾಸ ದೊಡ್ಡದು.

ನಂತರದ ಕಥೆ ಹೆಚ್ಚೇನೂ ಸುಖದ್ದಲ್ಲ. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ರಾತ್ರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸೇರಿದ್ದ ಜನರೆದುರು ಇವರ ಕಾರ್ಯಕ್ರಮ ನಡೆಯಿತು. ಅದೇ ವರ್ಷದ ಎರಡನೇ ಆಲ್ಬಂ ‘ಕಾಂಟ್ಯಾಕ್ಟ್’ನ ಮುಖಪುಟದಲ್ಲಿ ಇಬ್ಬರೂ ಪ್ಯಾನ್ ಆಮ್ ಕಂಪನಿಯ ವಿಮಾನದ ಕಾಕ್‌ಪಿಟ್‌ನಲ್ಲಿ ಕೂತಿದ್ದಾರೆ. ಹಿಂಬದಿಯಲ್ಲಿ ಅಪಘಾತಕ್ಕೀಡಾದ ವಿಮಾನದ ಅವಶೇಷಗಳ ನಡುವೆ ಅವರು ಕೂತಿರುವ ಚಿತ್ರ. ವಿಮಾನ ಕಂಪನಿ ಮೊಕದ್ದಮೆ ಹೂಡಿತು. ಇವರ ರೆಕಾರ್ಡ್ ಸಂಸ್ಥೆಯಾದ ಕ್ಯಾಪ್ ಕೂಡ ಆಗಲೇ ಮುಳುಗುವ ಹಂತದಲ್ಲಿತ್ತು. ಮೂರನೇ ಆಲ್ಬಂಗಾಗಿ ಮಾಡಿದ ಧ್ವನಿಮುದ್ರಣ ಹಾಗೇ ಉಳಿಯಿತು. ಇಬ್ಬರೂ ಸಂಗೀತ ಬಿಟ್ಟು ಬೇರೆ ಬೇರೆ ಕೆಲಸ ಹಿಡಿದರು.

ತೊಂಬತ್ತರ ದಶಕದಲ್ಲಿ ಜರ್ಮನಿಯ ಒಂದು ಸಣ್ಣ ಸಂಸ್ಥೆ ಇವರನ್ನು ಕೇಳದೆಯೇ ಎರಡೂ ಆಲ್ಬಂಗಳನ್ನು ಸಿ.ಡಿ. ಮಾಡಿ ಮಾರಿತು. ಕಾನೂನಿನ ಪ್ರಕಾರ ಅದು ಕಳ್ಳತನ. ಆದರೆ ಹೊಸ ತಲೆಮಾರಿನ ಸ್ವತಂತ್ರ ರಾಕ್ ತಂಡಗಳಿಗೆ ಈ ಸಂಗೀತ ತಲುಪಿದ್ದು ಮುಖ್ಯವಾಗಿ ಆ ದಾರಿಯಿಂದ. ತನಗೆ ಹೊಸ ಕೇಳುಗರಿದ್ದಾರೆ ಎಂದು ತಿಳಿದ ಸಿಮಿಯನ್ 1996ರಲ್ಲಿ ಕಿರಿಯ ಸಂಗೀತಗಾರರ ಜೊತೆ ತಂಡವನ್ನು ಮತ್ತೆ ಕಟ್ಟಿದ. ಆಮೇಲೆ ಟೇಲರ್ ಕೂಡ ಸಿಕ್ಕಿದ. ಮೂರನೇ ಆಲ್ಬಂನ ಹಳೆಯ ಮುದ್ರಣ ಅವನ ಬಳಿ ಉಳಿದಿತ್ತು. ‘ದಿ ಗಾರ್ಡನ್’ ಎಂಬ ಹೆಸರಿನಲ್ಲಿ ಅದು 1998ರಲ್ಲಿ ಹೊರಬಂತು. ಅದೇ ವರ್ಷ ಪ್ರವಾಸದಲ್ಲಿದ್ದಾಗ ವ್ಯಾನ್ ಅಪಘಾತಕ್ಕೀಡಾಗಿ ಸಿಮಿಯನ್‌ನ ಕತ್ತಿನ ಮೂಳೆ ಮುರಿಯಿತು. ಟೇಲರ್ 2005ರಲ್ಲಿ ತೀರಿಕೊಂಡ. ಚೇತರಿಸಿಕೊಂಡ ಸಿಮಿಯನ್ ಹೊಸ ಡ್ರಮ್ಮರನ್ನು ಹುಡುಕಲಿಲ್ಲ. ಟೇಲರ್ ನುಡಿಸಿದ್ದ ಡ್ರಮ್ಮಿನ ತುಣುಕುಗಳನ್ನೇ ಜೋಡಿಸಿಟ್ಟುಕೊಂಡು ಅವುಗಳ ಜೊತೆ ವೇದಿಕೆಯ ಮೇಲೆ ಒಬ್ಬನೇ ನುಡಿಸಿದ. 2016ರಲ್ಲಿ ‘ಕ್ಲಿಂಗಿಂಗ್ ಟು ಎ ಡ್ರೀಮ್’ ಎಂಬ ಆಲ್ಬಂ ತಂದ. 2020ರ ಸೆಪ್ಟೆಂಬರ್ 8ರಂದು ಅಲಬಾಮದಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡ.

ಇವರ ಪ್ರಭಾವ ಎಲ್ಲಿ ಕಾಣುತ್ತದೆ ಎಂದು ಕೇಳುವವರು ಇಂಗ್ಲೆಂಡಿನ ಪೋರ್ಟಿಸ್‌ಹೆಡ್ ತಂಡದ 2008ರ ‘ಥರ್ಡ್’ ಆಲ್ಬಂನಲ್ಲಿರುವ ‘ವೀ ಕ್ಯಾರಿ ಆನ್’ ಹಾಡನ್ನು ಕೇಳಬಹುದು. ಬಿಡದೆ ಮಿಡಿಯುವ ಒಂದೇ ಸ್ವರ, ಅದರ ಕೆಳಗೆ ಉರುಳುವ ಡ್ರಮ್, ಎಲ್ಲವೂ ಪರಿಚಿತ. ತಂಡದ ಜೆಫ್ ಬ್ಯಾರೋ ಸಿಲ್ವರ್ ಆಪಲ್ಸ್ ಮೇಲಿನ ತನ್ನ ಅಭಿಮಾನವನ್ನು ಮುಚ್ಚಿಟ್ಟವನಲ್ಲ. ಸ್ಟೀರಿಯೊಲ್ಯಾಬ್ ತಂಡದ ಸಂಗೀತದಲ್ಲಿಯೂ ಇದೇ ನಂಟು ಕೇಳಿಸುತ್ತದೆ. ಈಚಿನ ಎಷ್ಟೋ ತಂಡಗಳು ಸಿಂಥಸೈಜರಿನ ಸದ್ದನ್ನು ಹಾಡಿಗೆ ಬಣ್ಣದಂತೆ ಬಳಿಯುತ್ತವೆ. ಈ ಎರಡು ತಂಡಗಳು ಅದನ್ನು ಅಡಿಪಾಯವಾಗಿಸಲು ಕಲಿತವು.

ಕೇಳಲು ಹೊರಟವರಿಗೆ ಕೆಲವು ಸೂಚನೆಗಳು. ಮೊಬೈಲಿನ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಕಾಲಿನಿಂದ ನುಡಿಸಿದ ಬೇಸ್ ಸ್ವರಗಳು ಅದರಲ್ಲಿ ಬಹುಪಾಲು ಕೇಳಿಸುವುದೇ ಇಲ್ಲ, ಉಳಿಯುವುದು ಕೀರಲು ಸದ್ದು ಮಾತ್ರ. ಸಾಧಾರಣ ಬೆಲೆಯ ಹೆಡ್‌ಫೋನ್ ಸಾಕು. ಆಯ್ದ ಹಾಡುಗಳ ಪಟ್ಟಿಗಳನ್ನು ಬಿಟ್ಟು ಆಲ್ಬಂ ಅನ್ನು ಮೊದಲ ಹಾಡಿನಿಂದಲೇ ಹಿಡಿಯಿರಿ. ಮೊದಲ ಸಲ ಆಸಿಲೇಟರುಗಳು ಗಮನ ಸೆಳೆಯುತ್ತವೆ, ಸೆಳೆಯಲಿ. ಎರಡನೇ ಸಲ ಡ್ರಮ್ಮನ್ನು ಮಾತ್ರ ಹಿಂಬಾಲಿಸಿ. ಇದು ಹಿಡಿಸಿದರೆ ‘ಕಾಂಟ್ಯಾಕ್ಟ್’ ಕೇಳಿ, ಅದು ಇದಕ್ಕಿಂತ ಒರಟು. ಅಲ್ಲಿ ಆಸಿಲೇಟರುಗಳ ಜೊತೆ ಬ್ಯಾಂಜೊ ಕೂಡ ಇದೆ. ಕ್ರಾಫ್ಟ್‌ವರ್ಕ್‌ಗೆ ಅವಸರವಿಲ್ಲ, ಅವರನ್ನು ಆಮೇಲೆ ಕೇಳಬಹುದು.